ಖಾಲಿ ಬಾರದ ತಟ್ಟೆ

ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನೀರಿನ ಮೋಟರು ಯಾಕೆ ನಿಂತಿದೆ ಎಂದು ಕೇಳಲು ಬಂದಿದ್ದ ಶಾ ಯುಮೇ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಕಾವಲುಗಾರನ ಹೆಂಡತಿ ನಬವಿಯ್ಯ ಚಾಪೆಯ ಮೇಲೆ ಕುಳಿತು, ಅಲ್ಯುಮಿನಿಯಂ ತಟ್ಟೆಯಿಂದ ಒಂದು ಕಡುಬು ಎತ್ತಿ, ಬಟ್ಟಲಿನ ಕಪ್ಪು ವಿನೆಗರಿನಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಡುಬಿನ ಅಂಚಿನ ಮಡಿಕೆ ಗೋಧಿಯ ತೆನೆಯಂತಿತ್ತು. ಕೈರೋದ ಈ ಅಬ್ಬಾಸಿಯ್ಯ ಬಡಾವಣೆಯಲ್ಲಿ ಹಾಗೆ ಮಡಿಸುವ ಕೈಗಳು ಎರಡೇ, ಎರಡೂ ಯುಮೇಯವು. ಗಂಟೆಯ ಹಿಂದಷ್ಟೇ ನೀಲಿ ತಟ್ಟೆಯಲ್ಲಿ ಹದಿನೆಂಟು ಕಡುಬು ಜೋಡಿಸಿ, ಬಿಸಿ ಆರದ ಹಾಗೆ ಬಟ್ಟೆ ಮುಚ್ಚಿ, ಅವಳೇ ಹೋಗಿ ಮೊದಲ ಮಹಡಿಯ, ಹಜ್ ಯಾತ್ರೆ ಮಾಡಿಬಂದ ಇನ್ಸಾಫ್ ಹಾಜಮ್ಮನ ಕೈಗೆ ಕೊಟ್ಟು ಬಂದಿದ್ದಳು.

ನಬವಿಯ್ಯ ಕಣ್ಣು ತೆರೆದಳು. ಬಾಯಿ ತುಂಬಿತ್ತು. ಅವಸರದಲ್ಲಿ ನುಂಗಿ, "ಬಾ ಅವ್ವ, ಕುಂತ್ಕೋ. ಮೋಟರ್ ಸುಟ್ಟೋಗೈತೆ. ನನ್ ಗಂಡ ರಿಪೇರಿಯವನ್ನ ಕರೆಯಾಕೆ ಹೋಗವ್ನೆ," ಎಂದಳು.

"ಇದು ಎಲ್ಲಿಂದ ಬಂತು ನಬವಿಯ್ಯ?"

"ಯಾವ್ದು?"

"ನೀನು ಈಗ ನುಂಗಿದ್ದು."

"ದೇವ್ರು ಕೊಟ್ಟ."

"ದೇವರು ಕೊಟ್ಟಿದ್ದು ಹೌದು. ಮಡಿಸಿದ್ದು ನಾನು."

ನಬವಿಯ್ಯ ತಟ್ಟೆಯನ್ನು ತಲೆವಸ್ತ್ರದ ತುದಿಯಲ್ಲಿ ಮುಚ್ಚಲು ಹೋಗಿ, ಅದರಿಂದೇನೂ ಪ್ರಯೋಜನವಿಲ್ಲ ಎಂದು ತಿಳಿದು ಬಿಟ್ಟಳು. ದಕ್ಷಿಣದ ಹಳ್ಳಿಯವಳು, ನೈಲ್ ನದಿಯ ಮೇಲ್ದಂಡೆಯ ಕಡೆಯವಳು. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳಿದರೂ ಎರಡನೇ ಮಾತಿಗೆ ಸಿಕ್ಕಿಬೀಳುತ್ತಿದ್ದಳು.

"ಹಾಜಮ್ಮ ಕೊಡ್ತಾರೆ."

"ಇವತ್ತಾ?"

"ಇವತ್ತೂ ಕೊಟ್ರು. ಹೋದ ಮಂಗಳವಾರಾನೂ ಕೊಟ್ರು. ನೀನು ಯಾವಾಗ್ ಕಳಿಸಿದ್ರೂ ಕೊಡ್ತಾರೆ. ಎರಡು ವರ್ಸ ಆಯ್ತು. ಒಂದ್ ದಪ ಮಾತ್ರ ಅವರ ಬೆಕ್ಕಿಗೆ ಹಾಕವ್ರೆ. ಅದು ಮೂಸಿ ಬಿಟ್ಬಿಡ್ತು. ಆಮ್ಯಾಕೆ ಅದೂ ನಂಗೇ ಬಂತು." ನಬವಿಯ್ಯ ಸಮಾಧಾನ ಮಾಡುವ ದನಿಯಲ್ಲಿ ಸೇರಿಸಿದಳು: "ಬೆಕ್ಕಿಗೆ ಏನ್ ಗೊತ್ತಾಯ್ತದೆ ಬಿಡವ್ವ ರುಚಿ."

ಯುಮೇಗೆ ಕಿವಿಯ ತುದಿಯವರೆಗೆ ಬಿಸಿಯಾಯಿತು. ಅವಮಾನ ಎಂದರೆ ಅವಮಾನವೇ. ಅದಕ್ಕೆ ಬೇರೆ ಹೆಸರಿಲ್ಲ. ಎರಡು ವರ್ಷ! ಅವಳ ಗಂಡ ತೀರಿಕೊಂಡಾಗ ಮೂರು ದಿನ ಹಾಜಮ್ಮನ ಮನೆಯಿಂದ ಬೇಳೆ ಸಾರು, ರೊಟ್ಟಿ ಬಂದಿತ್ತು. ಆ ಪಾತ್ರೆ ಹಿಂದಿರುಗಿಸುವಾಗ ಯುಮೇ ಅದರಲ್ಲಿ ಕುರಿಮಾಂಸ, ಕ್ಯಾರೆಟ್ ತುಂಬಿದ ಕಡುಬು ಇಟ್ಟು ಕಳಿಸಿದ್ದಳು. ಅಲ್ಲಿಂದ ಶುರುವಾದದ್ದು. ಪ್ರತಿ ಮಂಗಳವಾರ ಕೆಳಗೆ ಕಡುಬು ಹೋಗುತ್ತಿತ್ತು, ಬುಧವಾರ ತಟ್ಟೆ ಮೇಲೆ ಬರುತ್ತಿತ್ತು. ಬರುವಾಗ ಅದರಲ್ಲಿ ರವೆಯ ಸಿಹಿ ಇರುತ್ತಿತ್ತು, ಇಲ್ಲವೇ ಅನ್ನ ತುಂಬಿ ಸುತ್ತಿದ ದ್ರಾಕ್ಷಿ ಎಲೆ. ಏನೂ ಇಲ್ಲದ ದಿನ ನಾಲ್ಕು ಕಿತ್ತಳೆಯಾದರೂ ಇರುತ್ತಿತ್ತು. ತುಂಬಿ ಬಂದ ತಟ್ಟೆಯನ್ನು ನೋಡಿದಾಗಲೆಲ್ಲ ಯುಮೇ, ಆಕೆಗೆ ನನ್ನ ಕೈ ರುಚಿ ಹಿಡಿಸಿದೆ ಎಂದು ಹಿಗ್ಗುತ್ತಿದ್ದಳು.

ತಪ್ಪು ಯಾರದೂ ಅಲ್ಲ. ಈ ಊರಿನಲ್ಲಿ ನೆರೆಮನೆಯ ತಟ್ಟೆ ಖಾಲಿ ಹಿಂದಿರುಗಬಾರದು. ತಿಂದರೂ ಅಷ್ಟೆ, ತಿನ್ನದಿದ್ದರೂ ಅಷ್ಟೆ. ಯುಮೇ ಹುಟ್ಟಿ ಬೆಳೆದ ಚೀನಾದ ಲಿನ್‌ಶಿಯಾ ಊರಿನಲ್ಲಿ, ಆ ಮುಸಲ್ಮಾನರ ಕೇರಿಗಳಲ್ಲಿ, ಕೊಟ್ಟ ಮೇಲೆ ತಿನ್ನುವವರ ಬಾಯಿ ನೋಡಬಾರದು, ಹೇಗಿತ್ತು ಎಂದು ಕೇಳಬಾರದು. ಕೇಳಿದರೆ ಹೊಗಳಿಕೆಗೆ ಕೈ ಚಾಚಿದ ಹಾಗೆ. ಒಬ್ಬಳು ಕೇಳಲಿಲ್ಲ, ಇನ್ನೊಬ್ಬಳು ಹೇಳಲಿಲ್ಲ. ಈ ಎರಡು ಮರ್ಯಾದೆಗಳ ನಡುವೆ ಎರಡು ವರ್ಷದ ಕಡುಬು ಮೆಟ್ಟಿಲಿಳಿದು ನಬವಿಯ್ಯಳ ಹೊಟ್ಟೆ ಸೇರಿತ್ತು.

"ನನ್ ಮ್ಯಾಲೆ ಸಿಟ್ಟಾ ಅವ್ವ?"

"ನಿನ್ನ ಮೇಲೆ ಯಾಕೆ? ತಿಂದವಳು ನೀನೊಬ್ಬಳೇ."

ಆ ಮಾತಿಗೆ ನಬವಿಯ್ಯಳ ಮನಸ್ಸು ಕರಗಿತೋ ಏನೋ, ಹೇಳಬಾರದೆಂದುಕೊಂಡದ್ದನ್ನೂ ಹೇಳಿಬಿಟ್ಟಳು. "ಇನ್ನೊಂದ್ ಮಾತೈತೆ. ಆ ಅಂಗಡಿ, ನೀನು ಕೇಳಿದ್ಯಲ್ಲ? ಸುಕ್ರವಾರ ನಮಾಜು ಮುಗೀತಲೂ ಹಾಜಮ್ಮನ ತಂಗಿ ಮಗ ಮಮ್ದೂಹ್ ಬತ್ತಾನಂತೆ, ಫೋನಿನ ಕವರು ಮಾರೋನ್ಗೆ ಅಂಗಡಿ ತೋರ್ಸಾಕೆ. ಹಾಜಮ್ಮ ಫೋನಲ್ಲಿ ಅಂತಿದ್ರು, ನನ್ ಕಿವಿಯಾರೆ ಕೇಳಿವ್ನಿ. 'ನಾನು ಬಾಯಿಗಿಡದ ಅಡುಗೆಗೆ ನನ್ ಗಂಡನ ಅಂಗಡಿ ಹೆಂಗ್ ಕೊಡ್ಲಿ' ಅಂತ."

ಯುಮೇ ಮೆಟ್ಟಿಲು ಹತ್ತಿದಳು. ಮೂರನೇ ಮಹಡಿಯ ತನ್ನ ಅಡುಗೆಮನೆಗೆ ಹೋಗಿ, ಕೊಡದಲ್ಲಿ ಉಳಿದಿದ್ದ ನೀರಿನಲ್ಲಿ ಕೈ ತೊಳೆದುಕೊಂಡಳು. ಕೊಳೆಯಾಗಿರಲಿಲ್ಲ, ಆದರೂ ತೊಳೆದುಕೊಂಡಳು.

ಆ ಅಂಗಡಿ ಅವಳಿಗೆ ಬೇಕೇ ಬೇಕಿತ್ತು. ಗಂಡ ಅಲ್ ಅಝರ್ ವಿಶ್ವವಿದ್ಯಾಲಯದಲ್ಲಿ ಓದಲು ಬಂದವನು ಓದು ಮುಗಿಸಿ ಇಲ್ಲೇ ದುಭಾಷಿಯಾಗಿ ನಿಂತ. ಹದಿನೆಂಟು ವರ್ಷ ಸಂಸಾರ ಮಾಡಿ, ಈಗ ಊರಾಚೆಯ ಗೋರಿಗಳ ನಡುವೆ ಮಲಗಿದ್ದಾನೆ. ಅವನು ಹೋದ ಮೇಲೆ ಯುಮೇ ತನ್ನ ಊರಿನ ಕಡೆಯಿಂದ ಓದಲು ಬಂದ ಹುಡುಗರಿಗೆ ನೂಡಲ್ಸ್ ಮಾಡಿಕೊಟ್ಟು ಬದುಕುತ್ತಿದ್ದಳು. ಹುಡುಗರು ಮೆಟ್ಟಿಲಲ್ಲಿ ಸಾಲು ನಿಲ್ಲುತ್ತಾರೆ, ಚಪ್ಪಲಿ ಸದ್ದು ಮಾಡುತ್ತಾರೆ ಎಂದು ಉಳಿದ ಮನೆಯವರು ತಕರಾರು ತೆಗೆದಿದ್ದರು. ಈ ತಿಂಗಳ ಕೊನೆಗೆ ಮನೆಯಲ್ಲಿ ಮಾರುವುದು ನಿಲ್ಲಬೇಕು ಎಂದು ಮನೆಯೊಡೆಯ ಹೇಳಿಯಾಗಿತ್ತು. ಲಿನ್‌ಶಿಯಾದಿಂದ ಅಣ್ಣ, ಹಿಂದಿನ ಕೋಣೆ ಖಾಲಿ ಇದೆ, ಬಂದುಬಿಡು ಎನ್ನುತ್ತಿದ್ದ. ಅತ್ತಿಗೆಯ ಮನೆಯ ಹಿಂದಿನ ಕೋಣೆ ಎಂದರೆ ಏನೆಂದು ಯುಮೇಗೆ ಗೊತ್ತಿಲ್ಲದ್ದೇನಲ್ಲ. ಕೆಳಗೆ, ಬೀದಿಗೆ ಮುಖ ಮಾಡಿದ ಹಾಜಮ್ಮನ ಅಂಗಡಿ ಎಂಟು ವರ್ಷದಿಂದ ಷಟರ್ ಎಳೆದುಕೊಂಡು ಬಿದ್ದಿತ್ತು. ಹಾಜಮ್ಮನ ಗಂಡ ಅಲ್ಲಿ ನಲವತ್ತು ವರ್ಷ ಉಪ್ಪಿನಕಾಯಿ ಮಾರಿದವನು. ಷಟರಿಗೆ ಮೂಗು ಹಚ್ಚಿದರೆ ಇಂದಿಗೂ ವಿನೆಗರಿನ ವಾಸನೆ. ಅದನ್ನು ಕೊಡಿ ಎಂದು ತಿಂಗಳ ಹಿಂದೆ ಕೇಳಿದಾಗ ಹಾಜಮ್ಮ "ನೋಡೋಣ" ಎಂದಿದ್ದಳು. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ ಎನ್ನುವುದಕ್ಕೆ ಅರಬ್ಬಿ ಬರಬೇಕಾಗಿಲ್ಲ.

ಅಡುಗೆಮನೆಯ ಕಿಟಕಿ ಕಟ್ಟಡದ ನಡುವಿನ ಗಾಳಿಸಂದಿಗೆ ತೆರೆಯುತ್ತಿತ್ತು. ಎಲ್ಲ ಮನೆಯ ಅಡುಗೆಮನೆಗಳೂ ಬಾವಿಯ ಸುತ್ತ ಕುಳಿತ ಹೆಂಗಸರ ಹಾಗೆ ಆ ಸಂದಿಯ ಸುತ್ತಲೇ. ಯಾರ ಮನೆಯಲ್ಲಿ ಈರುಳ್ಳಿ ಸೀದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಹೊಸದಾಗಿ ಈ ಮನೆಗೆ ಬಂದ ವಾರವೇ ಯುಮೇ ಆ ಸಂದಿಯಿಂದ ಹೆಂಗಸೊಬ್ಬಳು ಗಂಟಲು ಬಿರಿಯುವಂತೆ "ಹಾ!" ಎಂದು ಉಸಿರು ಒಳಗೆಳೆದದ್ದನ್ನು ಕೇಳಿದ್ದಳು. ಯಾರೋ ಬಿದ್ದರು, ಕುದಿಯುವ ಎಣ್ಣೆ ಮೈಮೇಲೆ ಸುರಿಯಿತು ಎಂದೇ ಗಾಬರಿಯಾಗಿ, ಹಿಟ್ಟಿನ ಕೈಯಲ್ಲೇ ಎರಡು ಮಹಡಿ ಇಳಿದು ಓಡಿದ್ದಳು. ಬಾಗಿಲು ತೆರೆದದ್ದು ಇನ್ಸಾಫ್ ಹಾಜಮ್ಮ. ಮೈಯೆಲ್ಲ ನೆಟ್ಟಗಿತ್ತು, ಕೈಯಲ್ಲಿ ಒಗ್ಗರಣೆ ಸೌಟು. ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಒಗ್ಗರಣೆ ಸುರಿಯುವ ಆ ಗಳಿಗೆಯಲ್ಲಿ ಇಲ್ಲಿನ ಹೆಂಗಸರು ಹಾಗೆ ಉಸಿರೆಳೆಯಬೇಕು. ಎಳೆಯದಿದ್ದರೆ ಸಾರು ಒಡೆಯುತ್ತದೆ, ರುಚಿ ಕೂಡುವುದಿಲ್ಲ. ಅಮ್ಮಂದಿರು ಮಾಡಿದ್ದು, ಅಜ್ಜಿಯರು ಮಾಡಿದ್ದು. ಚೀನಾದವಳು ಒಗ್ಗರಣೆಗೆ ಹೆದರಿ ಓಡಿಬಂದಳು ಎಂದು ಇಡೀ ಕಟ್ಟಡ ಒಂದು ತಿಂಗಳು ನಕ್ಕಿತು. ಆ ಉಸಿರು ಎಷ್ಟು ಗಟ್ಟಿಯಾಗಿತ್ತೆಂದರೆ ಹಾಜಮ್ಮನ ಮನೆಯಲ್ಲಿ ಇಂದು ಮುಲೂಖಿಯಾ ಎಂದು ಐದನೇ ಮಹಡಿಯವರಿಗೂ ತಿಳಿಯುತ್ತಿತ್ತು. ಹಾಜಮ್ಮನ ಗಂಡ ಸತ್ತ ದಿನದಿಂದ ಅದು ಕೇಳಿಸಿರಲಿಲ್ಲ.

ಯುಮೇ ಕೈ ಒರೆಸಿಕೊಂಡಳು. ಅಳಬೇಕೆನಿಸಿತ್ತು, ಅಳಲಿಲ್ಲ. ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು.

ಮರುದಿನ ಬೆಳಿಗ್ಗೆ ಹಾಜಮ್ಮ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಎಪ್ಪತ್ತಾರು ವಯಸ್ಸು, ಭಾರಿ ಮೈ, ಮಂಡಿ ನೋವು. ಮೆಟ್ಟಿಲಿಳಿಯುವುದನ್ನು ಬಿಟ್ಟು ವರ್ಷಗಳಾಗಿತ್ತು. ಬೇಕಾದದ್ದಕ್ಕೆಲ್ಲ ಹಗ್ಗ ಕಟ್ಟಿದ ಬುಟ್ಟಿಯನ್ನು ಬೀದಿಗೆ ಇಳಿಸುತ್ತಿದ್ದಳು. ಈಗಲೂ ಸೊಪ್ಪಿನವನ ಜೊತೆ ಮೇಲಿಂದಲೇ ಜಗಳವಾಡಿ, ಬುಟ್ಟಿ ಎಳೆದುಕೊಂಡು, ಬಾಗಿಲಲ್ಲಿ ನಿಂತ ಯುಮೇಯನ್ನು ನೋಡಿದಳು.

"ಬಾರೇ ಚೀನಾದವಳೇ. ತಟ್ಟೆಗೆ ಬಂದ್ಯಾ? ಮೇಜಿನ ಮೇಲಿದೆ. ಖರ್ಜೂರ ಇಟ್ಟಿದ್ದೀನಿ."

"ನನ್ನ ಕಡುಬು ಯಾಕೆ ತಿನ್ನಲ್ಲ ಹಾಜಮ್ಮ?"

ಹಾಜಮ್ಮ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಆ ಬಾಯಿಬಡುಕಿ ಹೇಳಿದ್ಲಾ?"

"ಅವಳ ಬಾಯಿ ಏನೂ ಹೇಳಲಿಲ್ಲ. ತುಂಬಿತ್ತು."

ಹಾಜಮ್ಮನ ಗಲ್ಲ ಒಮ್ಮೆ ಅಲುಗಿತು. ನಗುವೋ ಸಿಟ್ಟೋ ತಿಳಿಯಲಿಲ್ಲ. "ಮುಚ್ಚಿದ ಅಡುಗೆ ನಾನು ತಿನ್ನಲ್ಲ ಕಣೇ. ಒಳಗೇನಿದೆ ಅಂತ ಯಾರಿಗೆ ಗೊತ್ತು?"

"ಕುರಿಮಾಂಸ, ಕ್ಯಾರೆಟ್, ಈರುಳ್ಳಿ. ನಿಮ್ಮ ಕಟುಕನ ಹತ್ರಾನೇ ತರೋದು. ನಾನೂ ಐದು ಹೊತ್ತು ನಮಾಜು ಮಾಡೋಳು ಹಾಜಮ್ಮ."

"ನಿನ್ನ ನಮಾಜಿನ ಮೇಲೆ ನನಗೆ ಅನುಮಾನ ಇಲ್ಲ, ದೇವರಾಣೆ ಇಲ್ಲ. ನಿನ್ನ ಕಡುಬಿನ ಮೇಲೆ ಇದೆ. ಜೊತೆಗೆ ಆ ಕರೀ ನೀರು ಬೇರೆ."

"ಅದು ವಿನೆಗರ್."

"ನಲವತ್ತು ವರ್ಷ ವಿನೆಗರ್ ಮಾರಿದವನ ಹೆಂಡ್ತಿಗೆ ವಿನೆಗರ್ ಯಾವ ಬಣ್ಣ ಅಂತ ಹೇಳಿಕೊಡೋಕೆ ಬಂದ್ಯಾ?"

"ನೀವು ದ್ರಾಕ್ಷಿ ಎಲೆಯೊಳಗೆ ಅನ್ನ ತುಂಬಿ ಮುಚ್ಚಲ್ವಾ? ನಾನು ತಿನ್ನಲ್ವಾ?"

"ಅದನ್ನ ಮುಚ್ಚಿದ್ದು ನಾನು," ಎಂದಳು ಹಾಜಮ್ಮ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ ಎನ್ನುವಂತೆ.

ಆ ಮಾತು ನಿಜ ಎಂದು ಯುಮೇಗೆ ಗೊತ್ತಿತ್ತು. ತನ್ನ ಅಮ್ಮನೂ ಬೇರೆಯವರ ಮನೆಯ ಕಡುಬನ್ನು ಬಿಡಿಸಿ ನೋಡಿಯೇ ತಿನ್ನುತ್ತಿದ್ದಳು. ಯುಮೇ ಮೇಜಿನ ಬಳಿ ಹೋಗಿ, ನೀಲಿ ತಟ್ಟೆಯ ಖರ್ಜೂರವನ್ನು ಹಾಜಮ್ಮನ ಪಾತ್ರೆಗೆ ಸುರಿದಳು. ಖಾಲಿ ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡಳು. ಹಾಜಮ್ಮನ ಕಣ್ಣು ಅಗಲವಾದವು. ಆ ಮನೆಯಿಂದ ಖಾಲಿ ತಟ್ಟೆ ಹೊರಗೆ ಹೋದದ್ದಿಲ್ಲ.

"ಏನೇ ಇದು?"

"ನಾಳೆ ಇಲ್ಲೇ ಬಂದು ಮಾಡ್ತೀನಿ. ನಿಮ್ಮ ಹಿಟ್ಟು, ನಿಮ್ಮ ಎಣ್ಣೆ, ನಿಮ್ಮ ಬೆಳ್ಳುಳ್ಳಿ. ನನ್ನದು ಎರಡು ಕೈ ಮಾತ್ರ. ನೀವು ಎದುರಿಗೇ ಕೂತ್ಕೊಳ್ಳಿ. ಏನನ್ನೂ ಮುಚ್ಚಲ್ಲ."

"ನನ್ನ ಅಡುಗೆಮನೇಲಿ ಇನ್ನೊಬ್ಬಳು ನಿಂತದ್ದಿಲ್ಲ."

"ಹಾಗಾದ್ರೆ ನಾನೇ ಮೊದಲನೆಯವಳು."

"ತಿಂತೀನಿ ಅಂತ ಮಾತು ಕೊಡಲ್ಲ."

"ನಾನು ಮಾತು ಕೇಳಲಿಲ್ಲ."

"ಮಮ್ದೂಹ್‌ಗೆ ಬಾ ಅಂದುಬಿಟ್ಟಿದ್ದೀನಿ."

"ಅವನು ಬರೋದು ಶುಕ್ರವಾರ. ನಾನು ಬರೋದು ಗುರುವಾರ," ಎಂದು ಯುಮೇ ಬಾಗಿಲೆಳೆದುಕೊಂಡು ಹೋದಳು. ಈ ಊರಿಗೆ ಬಂದ ಇಷ್ಟು ವರ್ಷದಲ್ಲಿ ಅವಳು ಯಾರ ಮನೆಯಲ್ಲೂ ಹೀಗೆ ಮಾತಾಡಿರಲಿಲ್ಲ.

ಕೆಳಗೆ ನಬವಿಯ್ಯ ಕಾದಿದ್ದಳು. ಎಲ್ಲ ಕೇಳಿಸಿಕೊಂಡು, ಗಲ್ಲಕ್ಕೆ ಕೈ ಹಚ್ಚಿದಳು. "ಅಲ್ಲಾ ಅವ್ವ, ನೀನು ಆಯಮ್ಮಂಗೆ ತಿನ್ನಿಸ್ಬಿಟ್ರೆ ನನ್ ಗತಿ ಏನು?"

"ನಿನಗೆ ಬೇರೆ ತಟ್ಟೆ."

"ಆಣೆ ಇಡು."

"ಹೋಗೇ," ಎಂದಳು ಯುಮೇ. ಆದರೂ ಆಣೆ ಇಟ್ಟಳು.

ಗುರುವಾರ ಮಧ್ಯಾಹ್ನದ ನಮಾಜು ಮುಗಿಸಿ ಯುಮೇ ತೋಳು ಮಡಿಸಿಕೊಂಡು ಹಾಜಮ್ಮನ ಅಡುಗೆಮನೆಯಲ್ಲಿ ನಿಂತಳು. ಹಾಜಮ್ಮ ಬಾಗಿಲಿಗೆ ಅಡ್ಡವಾಗಿ ಮುಕ್ಕಾಲಿ ಹಾಕಿಕೊಂಡು, ತೊಡೆಯ ಮೇಲೆ ಬೆಕ್ಕನ್ನಿಟ್ಟುಕೊಂಡು, ಠಾಣೆಯ ಪೇದೆಯ ಹಾಗೆ ಕುಳಿತಳು. ಗೋಡೆಯ ಮೊಳೆಗೆ ಸೊಪ್ಪು ಕೊಚ್ಚುವ ಎರಡು ಹಿಡಿಯ ಬಾಗುಕತ್ತಿ ತೂಗುತ್ತಿತ್ತು. ಬಳಸದೆ ಅದರ ಅಲಗು ಮಂಕಾಗಿತ್ತು. ಯುಮೇ ಅದನ್ನು ನೋಡಿದಳು.

ಕಡುಬಿನ ಬದಲು ನೂಡಲ್ಸ್ ಎಂದು ಹಿಟ್ಟಿಗೆ ಉಪ್ಪು, ನೀರು ಹಾಕಿ ನಾದಿದಳು. ಹಾಜಮ್ಮ ಪ್ರತಿಯೊಂದಕ್ಕೂ ಮಾತು ಹಾಕಿದಳು. ನೀರು ಜಾಸ್ತಿಯಾಯಿತು. ಆ ಬೋಗುಣಿ ಬೇಡ, ಈ ಬೋಗುಣಿ. ಬೆಳ್ಳುಳ್ಳಿ ಕೊಚ್ಚುವುದಲ್ಲ, ಜಜ್ಜುವುದು. ಇಲ್ಲ ಹಾಜಮ್ಮ, ನಮ್ಮಲ್ಲಿ ಇದಕ್ಕೆ ಕೊಚ್ಚೋದೇ, ಎಂದು ಯುಮೇ ತೋರಿಸಿದಾಗ, "ಮತ್ತೆ ನಾನು ಏನಂದೆ?" ಎಂದಳು. ನಾದಿದ ಹಿಟ್ಟನ್ನು ಪಟ್ಟಿಗಳಾಗಿ ಮಾಡಿ, ಎಣ್ಣೆ ಸವರಿ, ಅರ್ಧ ಗಂಟೆ ಬಿಟ್ಟರು.

"ಈಗ ಏನು?"

"ಕಾಯೋದು."

ಕಾದರು. ಕೆಲಸವಿಲ್ಲದ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಸುಮ್ಮನಿರುವುದು ಯಾವ ದೇಶದಲ್ಲೂ ಆಗದ ಮಾತು. ಹಾಜಮ್ಮನೇ ಶುರುಮಾಡಿದಳು. "ನಿನ್ನ ಗಂಡ ಊಟಕ್ಕೆ ಏನು ಕೇಳ್ತಿದ್ದ?"

"ಇದನ್ನೇ. ಪ್ರತಿದಿನ ಕೊಟ್ರೂ ಬೇಡ ಅನ್ನುತ್ತಿರಲಿಲ್ಲ. ಆಸ್ಪತ್ರೇಲೂ ಕೇಳಿದ್ರು. ಡಾಕ್ಟರು ಖಾರ ಬೇಡ ಅಂದ್ರು, ನಾನು ಕೊಡಲಿಲ್ಲ." ಯುಮೇ ಹಿಟ್ಟಿನ ಮೇಲಿನ ಬಟ್ಟೆಯನ್ನು ಸರಿಮಾಡಿದಳು. "ಕೊಡಬೇಕಿತ್ತು ಹಾಜಮ್ಮ. ಹೇಗೂ ಉಳಿಯಲಿಲ್ಲ."

ಹಾಜಮ್ಮ ಬೆಕ್ಕಿನ ಕಿವಿ ನೀವಿದಳು. "ನನ್ನವನಿಗೆ ಮುಲೂಖಿಯಾ. ಬೆಳ್ಳುಳ್ಳಿ ಇಷ್ಟು. ಅಂಗಡಿ ಬಿಟ್ಟು ಮೇಲೆ ಬಂದು, ಇಲ್ಲೇ ನಿಂತು, ನಾನು ಉಸಿರೆಳೆಯೋದನ್ನ ನೋಡಿ ನಗ್ತಿದ್ದ. ಈಗ ಒಬ್ಬಳಿಗೋಸ್ಕರ ಯಾರು ಒಗ್ಗರಣೆ ಹಾಕ್ತಾರೆ ಹೇಳು. ಒಂದು ಡಬ್ಬಿ ಬೀನ್ಸ್ ಬಿಸಿಮಾಡ್ಕೋತೀನಿ. ಮುಗೀತು."

ಆಮೇಲೆ ಯುಮೇ ಮೊದಲ ಪಟ್ಟಿಯನ್ನು ಎತ್ತಿ ಎರಡು ಕೈಯಲ್ಲಿ ಹಿಡಿದು ಎಳೆದಳು. ಅದು ನಡುವೆಯೇ ಹರಿದುಹೋಯಿತು. ಎರಡನೆಯದೂ ಹರಿಯಿತು. ಹಾಜಮ್ಮನ ಹಿಟ್ಟು ರೊಟ್ಟಿಯ ಮೆದು ಹಿಟ್ಟು; ಕಸುವಿರಲಿಲ್ಲ. ತನ್ನ ಹಿಟ್ಟನ್ನು ಮೇಲಿಂದ ತರಲು ಎರಡು ನಿಮಿಷ ಸಾಕಾಗಿತ್ತು. ಆದರೆ ತಂದರೆ ಮತ್ತೆ ಅದೇ ಕಥೆ, ಒಳಗೇನಿದೆಯೋ ಯಾರಿಗೆ ಗೊತ್ತು.

"ಹೂಂ," ಎಂದಳು ಹಾಜಮ್ಮ.

ಯುಮೇ ಹರಿದದ್ದನ್ನೆಲ್ಲ ಒಟ್ಟುಮಾಡಿದಳು. ಇನ್ನೊಂದು ಚಿಟಿಕೆ ಉಪ್ಪು ಹಾಕಿ, ಮುಷ್ಟಿ ಬಿಗಿದು, ಮೈಭಾರವನ್ನೆಲ್ಲ ಬಿಟ್ಟು ಮತ್ತೆ ನಾದತೊಡಗಿದಳು. ಮೇಜಿನ ಕಾಲು ಕಿರುಗುಟ್ಟಿತು. ಹಣೆಯ ಬೆವರು ಹುಬ್ಬಿಗಿಳಿಯಿತು. ಬೆಕ್ಕು ಎದ್ದು ಹೋಯಿತು. ಹಿಟ್ಟು ಮಣಿಯುವವರೆಗೆ ಬಿಡುವುದಿಲ್ಲ ಎಂದು ಅವಳು ಹಲ್ಲು ಕಚ್ಚಿದ್ದನ್ನು ಹಾಜಮ್ಮ ನೋಡುತ್ತಿದ್ದಳು. ಮತ್ತೆ ಅರ್ಧ ಗಂಟೆ ಕಾದರು. ಹೊರಗೆ ಗ್ಯಾಸ್ ಸಿಲಿಂಡರಿನವನು ಕಬ್ಬಿಣ ಬಡಿಯುತ್ತ ಹೋದ.

ಈ ಸಲ ಪಟ್ಟಿ ಹರಿಯಲಿಲ್ಲ. ಯುಮೇ ಎಳೆದಳು, ಮೇಜಿಗೆ ಬಡಿದಳು, ಪಟ್! ಮತ್ತೆ ಎಳೆದಳು, ಪಟ್! ಬೆಲ್ಟಿನಷ್ಟು ಅಗಲವಾಗಿ, ತೋಳಿಗಿಂತ ಉದ್ದವಾಗಿ ಬೆಳೆದ ಪಟ್ಟಿಯನ್ನು ನಡುವೆ ಸೀಳಿ ಕುದಿಯುವ ನೀರಿಗೆ ಬಿಟ್ಟಳು. ಹಾಜಮ್ಮ ಮುಕ್ಕಾಲಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡಳು.

"ವಿನೆಗರ್ ಇದೆಯಾ ಹಾಜಮ್ಮ? ಬಿಳಿಯದೇ ಆಗಲಿ."

ಹಾಜಮ್ಮ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದಳು. ಕೈಯಲ್ಲಿ ಚೀಟಿಯಿಲ್ಲದ ಹಳೆಯ ಬಾಟಲಿ. ಅರ್ಧಕ್ಕಿಂತ ಕಡಿಮೆ ಇತ್ತು.

"ಅಂಗಡಿಯದು. ಅವನು ಕೊನೇ ಸಲ ಹಾಕಿದ್ದು."

"ಬೇಡ ಹಾಜಮ್ಮ. ಅದನ್ನ ಇಟ್ಕೊಳ್ಳಿ."

"ಇಟ್ಕೊಂಡು ಏನು, ಮ್ಯೂಸಿಯಂ ಮಾಡ್ಲಾ? ಹಾಕು."

ಅಂಚು ಚಕ್ಕೆ ಹಾರಿದ ಬಿಳಿ ಬೋಗುಣಿಯೊಂದನ್ನು ಹಾಜಮ್ಮನೇ ಕಪಾಟಿನಿಂದ ಇಳಿಸಿಕೊಟ್ಟಳು. ಯುಮೇ ಅದರಲ್ಲಿ ಬೆಂದ ನೂಡಲ್ಸ್ ಬಡಿಸಿ, ಉಪ್ಪು, ವಿನೆಗರ್ ಹಾಕಿ, ಮೇಲೆ ಕೊಚ್ಚಿದ ಬೆಳ್ಳುಳ್ಳಿಯನ್ನು ಗುಡ್ಡೆಯಾಗಿ ಇಟ್ಟು, ಖಾರದ ಪುಡಿ ಉದುರಿಸಿದಳು. ಆಮೇಲೆ ಒಂದು ಗಳಿಗೆ ಯೋಚಿಸಿ, ಡಬ್ಬಿಯಿಂದ ಕೊತ್ತಂಬರಿ ಬೀಜದ ಪುಡಿಯನ್ನೂ ಚಿಟಿಕೆ ಹಾಕಿದಳು. ಅದು ಅವಳ ಊರಿನ ಕ್ರಮವಲ್ಲ. ಒಲೆಯ ಮೇಲೆ ಎಣ್ಣೆ ಹೊಗೆಯಾಡತೊಡಗಿತ್ತು.

"ಹಿಂದೆ ಸರೀರಿ," ಎಂದಳು.

ಹಾಜಮ್ಮ ಸರಿಯಲಿಲ್ಲ. ಯುಮೇ ಬಾಣಲೆ ಎತ್ತಿ ಎಣ್ಣೆಯನ್ನು ನೇರ ಬೆಳ್ಳುಳ್ಳಿಯ ಮೇಲೆ ಸುರಿದಳು.

ಚುಂಯ್ ಎಂದು ಬೋಗುಣಿ ಕೂಗಿತು. ಬೆಳ್ಳುಳ್ಳಿ, ಕೊತ್ತಂಬರಿಯ ಘಾಟು ಒಮ್ಮೆಲೇ ಮೇಲೆದ್ದಿತು. ಅದರ ಜೊತೆಗೇ, ಒಂದು ಕ್ಷಣವೂ ಹಿಂದೆಮುಂದೆ ಆಗದ ಹಾಗೆ, ಇನ್ಸಾಫ್ ಹಾಜಮ್ಮ ಎದೆ ತುಂಬ ಉಸಿರೆಳೆದಳು: "ಹಾ!"

ಗಾಳಿಸಂದಿಯಲ್ಲಿ ಒಂದು ಕಿಟಕಿ ತೆರೆಯಿತು, ಆಮೇಲೆ ಇನ್ನೊಂದು. ನಾಲ್ಕನೇ ಮಹಡಿಯಿಂದ ಯಾರೋ ಕೂಗಿದರು: "ಹಾಜಮ್ಮಾ! ಮುಲೂಖಿಯಾ ಮಾಡಿದ್ರಾ?"

ಹಾಜಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಕಣ್ಣು ಒದ್ದೆಯಾಗಿದ್ದವು. ಹೊಗೆಯಿಂದ ಎಂದು ಹೇಳಿಕೊಳ್ಳಲು ಅವಕಾಶವಿತ್ತು, ಆದರೆ ಯಾರೂ ಕೇಳಲಿಲ್ಲ. ಯುಮೇ ಬೋಗುಣಿಯನ್ನು ಕಲಸಿ, ಫೋರ್ಕ್ ಸಿಕ್ಕಿಸಿ, ಮೇಜಿನ ಅಂಚಿಗೆ ಸರಿಸಿದಳು. ಆಮೇಲೆ ಬೆನ್ನು ತಿರುಗಿಸಿ ಬಾಣಲೆ ತಿಕ್ಕತೊಡಗಿದಳು. ತಿನ್ನುವವರ ಬಾಯಿ ನೋಡಬಾರದು.

ಮುಕ್ಕಾಲಿ ಎಳೆದ ಸದ್ದಾಯಿತು. ಬಾಣಲೆ ಬೆಳ್ಳಗಾಗಿ ಹೋಗಿದ್ದರೂ ಯುಮೇ ತಿಕ್ಕುತ್ತಲೇ ಇದ್ದಳು. ಆಮೇಲೆ ಫೋರ್ಕು ಪಿಂಗಾಣಿಗೆ ತಗುಲಿತು.

"ಉಪ್ಪು ಸಾಲದು," ಎಂದಳು ಹಾಜಮ್ಮ.

ಫೋರ್ಕಿನ ಸದ್ದು ನಿಲ್ಲಲಿಲ್ಲ. ಯುಮೇ ಉಳಿದ ಹಿಟ್ಟನ್ನು ಮುಚ್ಚಿಟ್ಟಳು, ಮೇಜು ಒರೆಸಿದಳು, ತೋಳು ಇಳಿಸಿಕೊಂಡಳು. ಅಂಗಡಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಆಡಲಿಲ್ಲ, ಹಾಜಮ್ಮನೂ ಆಡಲಿಲ್ಲ. ಹೊರಡುವಾಗ ಹಿಂದಿನಿಂದ, "ಬಾಗಿಲು ಸರಿಯಾಗಿ ಎಳ್ಕೋ, ಬೆಕ್ಕು ಹೋಗತ್ತೆ," ಎಂಬ ಮಾತು ಮಾತ್ರ ಬಂತು.

ಶುಕ್ರವಾರದ ನಮಾಜು ಮುಗಿದು ಬೀದಿ ತುಂಬ ಬಿಳಿ ಅಂಗಿಗಳು ಹರಡಿದ್ದವು. ಯುಮೇ ರೊಟ್ಟಿಯ ಅಂಗಡಿಯಿಂದ ತಿರುಗಿ ಬರುವಾಗ ಷಟರಿನ ಮುಂದೆ ಮಮ್ದೂಹ್ ನಿಂತಿದ್ದ, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದ ಇನ್ನೊಬ್ಬ. ನಬವಿಯ್ಯ ಬಾಗಿಲ ಬಳಿ ನಿಂತು ಯುಮೇಗೆ ಕಣ್ಣಿನಲ್ಲೇ ಏನೋ ಹೇಳಲು ನೋಡುತ್ತಿದ್ದಳು. ಅದು ಏನೆಂದು ಅರ್ಥವಾಗಲಿಲ್ಲ. ಯುಮೇಗೆ ಒಳಗೆ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ. ರೊಟ್ಟಿಯ ಚೀಲವನ್ನು ಎದೆಗವಚಿಕೊಂಡು ಷಟರಿನ ಇನ್ನೊಂದು ತುದಿಗೆ ಹೋಗಿ ನಿಂತಳು. ಏನಾಗುತ್ತದೋ ಆಗಲಿ, ಕಣ್ಣಾರೆ ನೋಡಿಯೇ ಹೋಗುವುದು.

"ದೊಡ್ಡಮ್ಮಾ!" ಮಮ್ದೂಹ್ ಬಾಲ್ಕನಿಯತ್ತ ಕೂಗಿದ. "ಕೀಲಿ ಇಳಿಸಿ!"

ಹಾಜಮ್ಮನ ಕೈ ಕಂಡಿತು. ಬುಟ್ಟಿ ಹಗ್ಗದ ತುದಿಯಲ್ಲಿ ತಿರುಗುತ್ತ ಇಳಿಯತೊಡಗಿತು. ಮಮ್ದೂಹ್ ಕೈ ಮೇಲೆತ್ತಿದ. ಬುಟ್ಟಿ ಅವನ ಬೆರಳಿನಿಂದ ಒಂದು ಗೇಣು ಮೇಲೆ ನಿಂತಿತು.

"ಇನ್ನೂ ಸ್ವಲ್ಪ ದೊಡ್ಡಮ್ಮ."

"ನಿನಗಲ್ಲ ಕಣೋ," ಎಂದಳು ಹಾಜಮ್ಮ ಮೇಲಿಂದ. "ಪಕ್ಕಕ್ಕೆ ನಿಲ್ಲು. ಅವರಿಗೂ ಹೇಳು, ಫೋನಿಗೆ ಅಂಗಿ ಹೊಲಿಯೋಕೆ ಬೇರೆ ಜಾಗ ನೋಡ್ಕೊಳ್ಳಲಿ ಅಂತ."

"ಮಾತು ಕೊಟ್ಟಿದ್ರಲ್ಲ!"

"ಬಾ ಅಂದಿದ್ದೆ. ಬಂದ್ಯಲ್ಲ, ಸಂತೋಷ. ಮೇಲೆ ಬಾ, ಟೀ ಕುಡಿ."

ನಬವಿಯ್ಯ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಬುಟ್ಟಿ ಮತ್ತೆ ಅಲುಗಿತು. ಹಾಜಮ್ಮ ಬಾಲ್ಕನಿಯ ಕಂಬಿ ಹಿಡಿದುಕೊಂಡು ನೋಯುವ ಮಂಡಿಯಲ್ಲೇ ಎರಡು ಹೆಜ್ಜೆ ಸರಿದಳು. ಬುಟ್ಟಿಯೂ ಷಟರಿನ ಉದ್ದಕ್ಕೆ ಸರಿಯುತ್ತ ಬಂದು, ಯುಮೇಯ ಎದೆಯ ಮಟ್ಟಕ್ಕೆ ಇಳಿದು ನಿಂತಿತು.

ಅದರಲ್ಲಿ ತುಕ್ಕು ಹಿಡಿದ ಉದ್ದನೆಯ ಕೀಲಿಯಿತ್ತು. ಕೀಲಿಯ ಪಕ್ಕದಲ್ಲಿ ಅಂಚು ಚಕ್ಕೆ ಹಾರಿದ ಬಿಳಿ ಬೋಗುಣಿ. ಯುಮೇ ಮೊದಲು ಬೋಗುಣಿಯನ್ನು ಎತ್ತಿಕೊಂಡಳು. ತೊಳೆದು ಒರೆಸಿದ ಬೋಗುಣಿ. ಒಳಗೆ ಖರ್ಜೂರವಿರಲಿಲ್ಲ, ಕಿತ್ತಳೆಯಿರಲಿಲ್ಲ, ಏನೂ ಇರಲಿಲ್ಲ. "ತುಂಬಿ ಕಳ್ಸು," ಎಂದಳು ಹಾಜಮ್ಮ ಮೇಲಿಂದ, "ಈ ಸಲ ಉಪ್ಪು ಸಾಲಲಿ."